ವಲ್ಲಿಯೊಳಗಿನ ವ್ಯಾಪಾರ

ನಮ್ಮ ಮಾವನವರ ಬಲಗೈ ಕಿರುಬೆರಳು ಕುಡುಗೋಲಿನಂತೆ ಒಳಕ್ಕೆ ಬಾಗಿತ್ತು. ಚಿಕ್ಕಂದಿನಲ್ಲಿ ಟಗರಿನ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡು ಹಟ್ಟಿಯ ತುಂಬ ಮೆರೆಯುತ್ತಿದ್ದರಂತೆ. ಯಾವುದೋ ನಾಯಿ ಬೊಗಳಿತು, ಟಗರು ಓಡಿತು, ಬೆರಳು ಮುರಿಯಿತು. ಯಾರೋ ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದರು. ಮೂಳೆ ಕೂಡಿತು, ಆದರೆ ತನಗೆ ಬೇಕಾದ ಹಾಗೆ ಕೂಡಿತು. ಊಟಕ್ಕೆ ಕೂತಾಗ ಉಳಿದ ಬೆರಳುಗಳೆಲ್ಲ ಮುದ್ದೆ ಮುರಿಯುವ ಕೆಲಸದಲ್ಲಿದ್ದರೆ ಅದೊಂದು ಮಾತ್ರ ಬೇರೆ ಕಡೆ ನೋಡಿಕೊಂಡು ಕೂತಿರುತ್ತಿತ್ತು. "ಅದು ನನ್ ಮಾತು ಕೇಳಲ್ಲ. ನಮ್ ಮನೆಯಾಕಿ ಕಡೇದು ಅದು" ಎಂದು ಬಂದವರ ಮುಂದೆ ಅತ್ತೆಯನ್ನು ರೇಗಿಸುತ್ತಿದ್ದರು.

ಹಾಗೆ ನೋಡಿದರೆ ಆ ಬೆರಳೇ ನಮ್ಮ ಮನೆಗೆ ಅನ್ನ ಹಾಕಿದ್ದು. ಮಾವ ಚಳ್ಳಕೆರೆಯ ಕುರಿ ಸಂತೆಯಲ್ಲಿ ದಲ್ಲಾಳಿ. ಹಟ್ಟಿಗಳವರು ಹೊಡೆದುಕೊಂಡು ಬಂದ ಕುರಿಗೂ, ರಾಯದುರ್ಗ ಬಳ್ಳಾರಿ ದಾವಣಗೆರೆಯಿಂದ ಲಾರಿ ತಂದ ವ್ಯಾಪಾರಿಗೂ ನಡುವೆ ನಿಂತು ಮಾತು ಕೂಡಿಸುವವರು. ಮಾತು ಅಂದೆನಲ್ಲ, ಅದೇ ತಪ್ಪು. ನಮ್ಮ ಕುರಿ ಸಂತೆಯ ಹಳೆಯ ದಲ್ಲಾಳಿಗಳು ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಕೈ ಮೇಲೆ ಇಳಿಬಿಟ್ಟು, ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳುಗಳೇ ಮೊದಲು ಸಾವಿರ ಹೇಳುತ್ತವೆ, ಆಮೇಲೆ ನೂರು ಹೇಳುತ್ತವೆ. ವಲ್ಲಿಯ ಮೇಲೆ ಇಬ್ಬರ ಮುಖವೂ ಶೇಂಗಾ ಬೆಳೆಯ ಬಗ್ಗೆ ಮಾತಾಡುತ್ತಿರುತ್ತದೆ, ವಲ್ಲಿಯ ಕೆಳಗೆ ಬೆರಳುಗಳು ಕಚ್ಚಾಡುತ್ತಿರುತ್ತವೆ. ಪಕ್ಕದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ. ಎಲ್ಲ ಒಪ್ಪಿಗೆಯಾದ ಮೇಲೆ ಮಾವ ತಮ್ಮ ಸೊಟ್ಟ ಕಿರುಬೆರಳನ್ನು ಎದುರಿನವನ ಕಿರುಬೆರಳಿಗೆ ಸಿಕ್ಕಿಸಿ ಒಂದು ಸಲ ಜಗ್ಗುತ್ತಿದ್ದರು. ಅದಕ್ಕೆ ಸಂತೆಯಲ್ಲಿ ಕೊಂಡಿ ಎನ್ನುತ್ತಿದ್ದರು. ಕೊಂಡಿ ಬಿದ್ದ ಮೇಲೆ ಕುರಿ ಸತ್ತರೂ ಮಾತು ಸಾಯುವುದಿಲ್ಲ ಅಂತ ಲೆಕ್ಕ.

ಇಷ್ಟೊಂದು ಗುಟ್ಟು ಯಾಕೆ ಎಂದು ಹೊಸದಾಗಿ ಬಂದ ವ್ಯಾಪಾರಿಯೊಬ್ಬ ಕೇಳಿದ್ದನಂತೆ. ಮಾವ ಹೇಳಿದ ಮಾತು ಆಮೇಲೆ ಸಂತೆಯಲ್ಲೆಲ್ಲ ಓಡಾಡಿತು. "ವಲ್ಲಿ ಇರೋದು ರೇಟು ಮುಚ್ಚಾಕಲ್ಲಪ್ಪ, ಮಾರೋನ ಕಷ್ಟ ಮುಚ್ಚಾಕೆ. ಇವತ್ತು ಅವನು ಕಮ್ಮಿಗೆ ಕೊಟ್ಟ ಅಂದ್ರೆ ಅವನ ಮನ್ಯಾಗೆ ಏನೋ ಐತೆ ಅಂತ. ಅದನ್ನ ಊರಿಗೆಲ್ಲ ಯಾಕೆ ಸಾರ್ಬೇಕು?"

ನನ್ನ ತವರು ಮೊಳಕಾಲ್ಮುರು. ಅವ್ವ ಮಗ್ಗದವರ ಮನೆಗೆ ರೇಷ್ಮೆ ನೂಲು ಸುತ್ತಿಕೊಡುತ್ತಿದ್ದಳು. ಮಗ್ಗದ ಸದ್ದಿನಲ್ಲಿ ಬೆಳೆದವಳು ನಾನು, ಕುರಿಯ ಪರಿಚಯ ಇದ್ದದ್ದು ತಟ್ಟೆಯಲ್ಲಿ ಮಾತ್ರ. ಮದುವೆಯಾಗಿ ನಾಯಕನಹಟ್ಟಿ ದಾರಿಯ ಈ ಹಟ್ಟಿಗೆ ಬಂದಾಗ ಮನೆಯೊಳಗೆ ನಮಗಿಂತ ಮರಿಗಳೇ ಜಾಸ್ತಿ ಇದ್ದವು. ನಾನು ಸೆರಗು ಹೊದ್ದು ಒಳಗೆ ಬಂದರೆ ಒಂದು ಮರಿ ಸೆರಗನ್ನೇ ತಿನ್ನತೊಡಗಿತು. ಮೊಳಕಾಲ್ಮುರು ಸೀರೆ ಕಣ್ರೀ, ಮದುವೆಯದ್ದು! ನಾನು ಕೂಗಿಕೊಂಡೆ. ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ, ಮರಿಯನ್ನು ಎತ್ತಿಕೊಂಡು ಹೊರಗೆ ಹೋದರು.

ನಗದಿದ್ದುದಕ್ಕೆ ಕಾರಣ ಆಮೇಲೆ ತಿಳಿಯಿತು. ನಮ್ಮಲ್ಲಿ ಮಾವ ಸೊಸೆ ಮುಖ ಕೊಟ್ಟು ಮಾತಾಡುವಂತಿಲ್ಲ. ಅವರು ಪಡಸಾಲೆಗೆ ಬಂದರೆ ನಾನು ಬಾಗಿಲ ಹಿಂದಕ್ಕೆ. ಅವರಿಗೆ ನೀರು ಬೇಕಾದರೆ ಗೋಡೆಗೆ ಹೇಳುವರು: "ಬಾಯಿ ಒಣಗೈತಲ್ಲ." ಊಟ ಆಗಬೇಕಾದರೆ ಬೆಕ್ಕಿಗೆ ಹೇಳುವರು: "ಏನೇ, ನಿನಗೂ ಹಸಿವಾ?" ನಾನು ಒಳಗಿನಿಂದ ಬಳೆ ಸದ್ದು ಮಾಡಿದರೆ ಕೇಳಿಸಿತು ಅಂತ ಅರ್ಥ. ಒಂದು ಸಲ ಬೆಕ್ಕು ಇರಲಿಲ್ಲ, ಗೋಡೆಗೂ ಆಗಷ್ಟೇ ಸುಣ್ಣ ಹೊಡೆದಿತ್ತು. ಪಾಪ, ಮಾವ ಬಹಳ ಹೊತ್ತು ಕೆಮ್ಮುತ್ತಾ ಕೂತಿದ್ದರು. ನಾನು ಬಾಗಿಲ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ವರ್ಷಗಟ್ಟಲೆ ಒಂದೇ ಸೂರಿನ ಕೆಳಗಿದ್ದೂ ಅವರ ಮುಖವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅವರ ಬೆನ್ನು, ಅವರ ಚಪ್ಪಲಿ, ಆ ಸೊಟ್ಟ ಬೆರಳು, ಇಷ್ಟೇ ನನಗೆ ಗೊತ್ತಿದ್ದ ಮಾವ.

ಲಾರಿಗೆ ಕುರಿ ತುಂಬುವಾಗ ಹಲಗೆ ಜಾರಿ ಅವರು ಬಿದ್ದದ್ದು ನಮ್ಮ ಮನೆಯ ದಿಕ್ಕನ್ನೇ ಬದಲಾಯಿಸಿತು. ಸೊಂಟದ ಮೂಳೆ. ಚಿತ್ರದುರ್ಗದಲ್ಲಿ ಆಪರೇಷನ್ ಆಯಿತು, ಕೋಲು ಹಿಡಿದು ಅಂಗಳದವರೆಗೆ ನಡೆಯುವಂತಾದರು, ಆದರೆ ಸಂತೆಯ ನೂಕುನುಗ್ಗಲಲ್ಲಿ ನಿಲ್ಲುವ ಕಾಲ ಮುಗಿಯಿತು. ಸಂತೆಯಲ್ಲಿ ಕಾಣದ ದಲ್ಲಾಳಿಯನ್ನು ಸಂತೆ ಬೇಗ ಮರೆಯುತ್ತದೆ. ಮಾವನ ಹಳೆಯ ಗಿರಾಕಿ ರಾಯದುರ್ಗದ ಸಾಬರು ಮೊದಲೆರಡು ವಾರ ಫೋನು ಮಾಡಿ ಹೇಗಿದ್ದೀರಿ ಅಂದರು, ಮೂರನೆಯ ವಾರ ಬೇರೆಯವರ ವಲ್ಲಿಯ ಕೆಳಗೆ ಕೈ ಇಟ್ಟರಂತೆ ಎಂದು ಸುದ್ದಿ ಬಂತು. ಮಾವ ಅವತ್ತು ಮುದ್ದೆ ಮುಟ್ಟಲಿಲ್ಲ.

ಮಗನಿಗೆ ಒಪ್ಪಿಸೋಣ ಅಂದರೆ ನನ್ನ ಗಂಡ ಕುರಿ ಕಾಯುವುದರಲ್ಲಿ ನಿಸ್ಸೀಮ, ಮಾರುವುದರಲ್ಲಿ ಸೊನ್ನೆ. ವರ್ಷದ ಅರ್ಧ ಮಂದೆಯ ಜೊತೆ ಆಂಧ್ರದ ಕಡೆ ಇರುತ್ತಿದ್ದ. ಸಂತೆಗೆ ಕಳಿಸಿದರೆ ಕಟುಕರವನು ಬೆನ್ನು ಮುಟ್ಟಿ ನೋಡುವಾಗ ಇವನ ಕಣ್ಣಲ್ಲಿ ನೀರು. ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಮಾರೋ ಕುರಿಗೆ ಮುತ್ತು ಕೊಡೋನು ದಲ್ಲಾಳಿ ಆಗ್ತಾನೇನು? ತಂದೆ ಕಟ್ಟಿದ್ದು ಇವನ ಕಾಲದಾಗೆ ಮುಳುಗ್ತು ಅಂತ ತಿಳ್ಕ." ಮಾತು ಕಟುವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ಮಾವ ಒಂದು ಜೀವಮಾನದಲ್ಲಿ ಕೂಡಿಟ್ಟ ಗಿರಾಕಿಗಳ ನಂಬಿಕೆ ನಮ್ಮ ಕಣ್ಣೆದುರೇ ಬೇರೆಯವರ ಪಾಲಾಗುತ್ತಿತ್ತು. ಅದನ್ನು ಹಿಡಿದುಕೊಳ್ಳುವ ಕೈ ಮನೆಯಲ್ಲಿ ಇರಲಿಲ್ಲ. ನನ್ನ ಕೈಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಹೆಂಗಸು ವಲ್ಲಿಯ ಕೆಳಗೆ ಪರಗಂಡಸಿನ ಕೈ ಹಿಡಿಯುವುದುಂಟೆ?

ಹೀಗಿರುವಾಗ ನನ್ನ ಫೋನಿಗೆ ಒಂದು ಹೊಸ ಗುಂಡಿ ಬಂತು. ಬೆಳಗಾದರೆ ಊರಿನವರೆಲ್ಲ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುವ ಆ್ಯಪು ನಿಮಗೆ ಗೊತ್ತೇ ಇದೆ. ಅದರೊಳಗೇ ಈಗ ಮುಖ ನೋಡಿ ಮಾತಾಡಬಹುದು ಎಂದು ತಮ್ಮ ಹೇಳಿಕೊಟ್ಟ. ನಾನು ಅಂಗಳದ ಬೇವಿನ ನೆರಳಲ್ಲಿ ಕೂತು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವ್ವ ಫೋನನ್ನು ಕಿವಿಗೆ ಇಟ್ಟುಕೊಂಡಿದ್ದರಿಂದ ನನಗೆ ಮೊದಲು ಕಂಡದ್ದು ಅವಳ ಓಲೆ. "ಅವ್ವಾ, ಕಿವಿಯಿಂದ ತೆಗಿಯೇ, ಮುಖ ತೋರ್ಸು" ಎಂದು ಕಿರುಚಿದೆ. ಆಮೇಲೆ ಮುಖ ಬಂತು. ಹಿಂದೆ ನೂಲಿನ ರಾಟೆ ಬಂತು. ಅವ್ವ ಅತ್ತಳು, ನಾನೂ ಅತ್ತೆ, ಏನು ಸಂಭ್ರಮವೋ.

ಕಣ್ಣೊರೆಸಿಕೊಂಡು ತಿರುಗಿದರೆ ಬಾಗಿಲ ಹಿಂದೆ ಮಾವ. ಇಷ್ಟು ದಿನ ನಾನು ನಿಲ್ಲುತ್ತಿದ್ದ ಜಾಗದಲ್ಲೇ ಕೋಲೂರಿ ನಿಂತು, ಕುತ್ತಿಗೆ ಚಾಚಿ ಫೋನನ್ನೇ ನೋಡುತ್ತಿದ್ದರು. ಕಣ್ಣಿಗೆ ಬಿದ್ದ ಕೂಡಲೇ ಗೋಡೆ ಕಡೆ ತಿರುಗಿ ಕೇಳಿದರು:

"ಅದರಾಗೆ ಕುರಿ ಕಾಣ್ತಾವಾ?"

ಬಳೆ ಸದ್ದಿನಿಂದ ಉತ್ತರ ಹೇಳುವ ಪ್ರಶ್ನೆ ಅದಾಗಿರಲಿಲ್ಲ. ನಾನೂ ಗೋಡೆಗೇ ಹೇಳಿದೆ. "ಕಾಣ್ತಾವೆ. ಹಲ್ಲೂ ಕಾಣ್ತಾವೆ."

ಮರುದಿನ ಬೆಳಗ್ಗೆ ಮುಳ್ಳುಬೇಲಿಯ ರೊಪ್ಪದಲ್ಲಿ ನಮ್ಮದೇ ಟಗರುಗಳನ್ನು ನಿಲ್ಲಿಸಿ ರಾಯದುರ್ಗದ ಸಾಬರಿಗೆ ಕಾಲ್ ಹಚ್ಚಿದೆವು. ಫೋನು ಹಿಡಿದವಳು ನಾನು, ಸೆರಗು ಮೂಗಿನವರೆಗೆ. ಹಟ್ಟಿಯ ಅರ್ಧ ಜನ ಬೇಲಿಯ ಸುತ್ತ ನೆರೆದಿದ್ದರು. ಸಾಬರ ಮುಖ ಬಂದದ್ದೇ ತಡ, ಮಾವನ ಸೊಂಟದ ನೋವೆಲ್ಲ ಎಲ್ಲಿ ಹೋಯಿತೋ! ಟಗರಿನ ಬಾಯಿ ತೆರೆದು ಹಲ್ಲು ತೋರಿಸಿದರು. ನಡೆಸಿ ತೋರಿಸಿದರು. ಬಿಳಿ ಟಗರಿನ ಹಿಂಗಾಲಲ್ಲಿ ಸ್ವಲ್ಪ ಕುಂಟು ಇತ್ತು, ಅದನ್ನು ಎಲ್ಲಕ್ಕಿಂತ ಮೊದಲು ತೋರಿಸಿದರು. ನಾನು ಬೇಕೆಂದೇ ಫೋನನ್ನು ಕೊಂಬಿನ ಕಡೆ ತಿರುಗಿಸಿದರೆ ಗೋಡೆಯನ್ನೂ ಬೆಕ್ಕನ್ನೂ ಮರೆತು ಗದರಿದರು. "ಮೊದ್ಲು ಕುಂಟು ತೋರ್ಸು, ಆಮ್ಯಾಕೆ ಕೊಂಬು ತೋರ್ಸು. ಕುಂಟು ಅವನೇ ಕಂಡುಹಿಡಿದ್ರೆ ನಿನ್ ಕೊಂಬನ್ನೂ ನಂಬಲ್ಲ."

ಸಾಬರು ನಗುತ್ತಾ, "ಅರೆ ಮಾಮಾ, ನೀವು ಹೇಳಿದ್ಮೇಲೆ ಆಯ್ತು. ರೇಟ್ ಹೇಳಿ, ಎಂತ?" ಎಂದರು. ಎಷ್ಟು ಎನ್ನುವುದನ್ನು ಅವರು ತೆಲುಗಿನಲ್ಲೇ ಕೇಳುವರು.

ಮಾವ ಬೇಲಿಯ ಕಡೆ ಕಣ್ಣಾಡಿಸಿದರು. ಸುತ್ತ ಅಷ್ಟು ಕಿವಿಗಳು. ಬಾಯಲ್ಲಿ ರೇಟು ಹೇಳಿ ಅವರಿಗೆ ಅಭ್ಯಾಸವೇ ಇಲ್ಲ. ಒಂದು ಗಳಿಗೆ ಯೋಚಿಸಿ ಹೆಗಲ ಮೇಲಿನ ವಲ್ಲಿ ಎಳೆದು ತಮ್ಮ ಕೈ, ಫೋನು, ಫೋನು ಹಿಡಿದ ನನ್ನ ಕೈ ಎಲ್ಲದರ ಮೇಲೂ ಹೊದಿಸಿಬಿಟ್ಟರು. ಬೇಲಿಯ ಹತ್ತಿರದವರು ಹೋ ಎಂದು ನಕ್ಕರು. ವಲ್ಲಿಯೊಳಗಿಂದ ಸಾಬರ ದನಿ ಬಂತು. "ಮಾಮಾ, ಪೂರಾ ಕತ್ತಲು! ಏನೂ ಕಾಣ್ತಿಲ್ಲ."

ನಾನು ಬೆಳಕು ಬೀಳಲಿ ಎಂದು ವಲ್ಲಿಯನ್ನು ಎತ್ತರಕ್ಕೆ ಹಿಡಿದು, ಬಿಸಿಲು ಬರುವ ಕಡೆ ತಿರುಗಿ, ತಲೆಯನ್ನೂ ಒಳಗೆ ತೂರಿಸಿದೆ. ಮಾವನೂ ಬೆರಳು ಕಾಣುತ್ತದೋ ಇಲ್ಲವೋ ಎಂದು ಅದೇ ಹೊತ್ತಿಗೆ ತಲೆ ತೂರಿಸಿದರು. ತೆಳು ಬಟ್ಟೆಯಿಂದ ಬಿಸಿಲು ಸೋಸಿ ಬರುತ್ತಿತ್ತು. ಅಷ್ಟು ವರ್ಷ ಮುಖ ನೋಡದ ಮಾವ ಸೊಸೆ ಒಂದೇ ವಲ್ಲಿಯೊಳಗೆ, ಎದುರುಬದುರು. ನನ್ನ ಸೆರಗು ಜಾರಿತ್ತು. ಅವರಿಗೆ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತಿತ್ತು, ನನಗೆ ಅದು ಅವತ್ತೇ ತಿಳಿದದ್ದು. ಮಾವ ಒಂದು ಕ್ಷಣ ಬೆರಳು ಮರೆತು ನನ್ನನ್ನೇ ನೋಡಿದರು.

"ಏನವ್ವ ಇಷ್ಟು ಬಡವಾಗಿದೀಯ? ಉಣ್ಣಲ್ವಾ ನೀನು?"

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಉಣ್ತೀನಿ ಮಾವಾ" ಎಂದೆ. ಫೋನಿನೊಳಗಿಂದ ಸಾಬರು, "ಮಾಮಾ, ಊಟದ್ದು ಆಮೇಲೆ, ಬೆರಳು ತೋರ್ಸಿ!" ಎಂದು ಕೂಗಿದರು. ಮಾವ ಬೆರಳು ತೋರಿಸಿದರು. ಆ ಕಡೆ ಸಾಬರೂ ತಮ್ಮ ಅಂಗಡಿಯವರಿಂದ ಮರೆಮಾಡಲು ಒಂದು ಟವಲ್ಲು ಹೊದ್ದುಕೊಂಡರು. ಬೆರಳುಗಳು ಏರಿದವು, ಇಳಿದವು. ಕೊನೆಗೆ ಮಾವ ಸೊಟ್ಟ ಕಿರುಬೆರಳನ್ನು ಫೋನಿಗೆ ತಾಗುವಷ್ಟು ಹತ್ತಿರ ಹಿಡಿದು ಗಾಳಿಯಲ್ಲೇ ಜಗ್ಗಿದರು. ಸಾಬರೂ ಜಗ್ಗಿದರು. ಕೊಂಡಿ ಬಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಗೋಡೆ ಬೆಕ್ಕುಗಳಿಗೆ ಬಿಡುವು ಸಿಕ್ಕಿತು. ಅತ್ತೆ ಮೊದಮೊದಲು ಮುಖ ಗಂಟು ಹಾಕಿದರು. ಮಾವ ಅದಕ್ಕೂ ಒಂದು ನ್ಯಾಯ ಹುಡುಕಿದರು. "ವಲ್ಲಿಯೊಳಗೆ ಮಾವ ಸೊಸೆ ಇಲ್ಲ ಕಣೇ. ಇಬ್ರು ದಲ್ಲಾಳಿಗಳು ಅಷ್ಟೇ." ವ್ಯಾಪಾರವೂ ಬೇರೆ ದಾರಿ ಹಿಡಿಯಿತು. ಮೊದಲಾದರೆ ವ್ಯಾಪಾರಿ ಕುರಿ ಸಿಗುತ್ತದೋ ಇಲ್ಲವೋ ಎಂದು ತಿಳಿಯದೆ ಲಾರಿ ತರುತ್ತಿದ್ದ, ಹಟ್ಟಿಯವನು ಹೋಗುತ್ತದೋ ಇಲ್ಲವೋ ಎಂದು ತಿಳಿಯದೆ ಕುರಿ ನಡೆಸುತ್ತಿದ್ದ. ಈಗ ರೊಪ್ಪದಲ್ಲೇ ನೋಡುತ್ತಾರೆ, ರೊಪ್ಪದ ಬಾಗಿಲಿಗೇ ಲಾರಿ ಬರುತ್ತದೆ. "ಸಂತೆಗೆ ನಡೆದು ನಡೆದು ಕುರಿ ತನ್ನ ಮೈನ ದಾರ್ಯಾಗೇ ಬಿಟ್ಟು ಬರ್ತಿತ್ತು. ಈಗ ಉಂಡಿದ್ದು ಮೈಯಾಗೇ ಉಳೀತೈತೆ" ಎಂದು ಮಾವ ಹಿಗ್ಗುವರು. ಸಂತೆ ಹಿಂದಿನ ದಿನ ಕುರಿಗೆ ಉಪ್ಪು ನೀರು ಕುಡಿಸಿ ಹೊಟ್ಟೆ ಉಬ್ಬಿಸುವವರಿಗೆ ಮಾತ್ರ ಕಷ್ಟವಾಯಿತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅದೇ ಕುರಿಯನ್ನು ಫೋನಲ್ಲಿ ತೋರಿಸು ಎಂದು ಮಾವ ಪಟ್ಟು ಹಿಡಿಯುತ್ತಿದ್ದರು.

ಆದರೆ ಹೊಸ ಹೊಳೆಯಲ್ಲಿ ಹಳೆ ಈಜು ಎಲ್ಲ ಕಡೆ ನಡೆಯುವುದಿಲ್ಲ. ನಾಲ್ಕೈದು ವ್ಯಾಪಾರಿಗಳನ್ನು ಒಂದೇ ಕಾಲ್‌ನಲ್ಲಿ ಕೂಡಿಸಬಹುದು ಎಂದು ತಿಳಿದ ಮೇಲೆ ಮಾವನಿಗೆ ಆನೆಬಲ ಬಂತು. ಅಂಗಳದಲ್ಲಿ ಕೂತೇ ಸಂತೆ ಸೇರಿಸುತ್ತಿದ್ದರು. ನಮ್ಮ ಮೂಲೆಮನೆ ಅಜ್ಜಿ ಆಗ ಕಣ್ಣಿನ ಆಪರೇಷನ್ನಿಗೆಂದು ತನ್ನ ಒಂದೇ ಟಗರನ್ನು ಮಾರಬೇಕಾಗಿತ್ತು. ನಾನು ನೀರು ತರಲು ಹೋಗಿದ್ದೆ. ಮಾವ ತಾವೇ ಕಾಲ್ ಹಚ್ಚಿ ಎಲ್ಲರಿಗೂ ಟಗರು ತೋರಿಸಿದರು. ಆಮೇಲೆ ಒಬ್ಬೊಬ್ಬರ ಮುಖವೇ ಮಾಯವಾಗಿ ಸಾಬರ ಮುಖ ಒಂದೇ ಉಳಿಯಿತು. ಉಳಿದವರು ಎದ್ದು ಹೋದರು ಎಂದುಕೊಂಡ ಮಾವ ವಲ್ಲಿ ಹೊದ್ದು, ದನಿ ತಗ್ಗಿಸಿ, ಅಜ್ಜಿ ಎಷ್ಟಕ್ಕೆ ಇಳಿಯಬಹುದು ಎಂಬ ಕೊನೆಯ ಬೆರಳನ್ನೂ ತೋರಿಸಿದರು. "ಅಜ್ಜಿಗೆ ಕಣ್ಣಿನ ಆಪರೇಷನ್ ಐತೆ, ನೋಡ್ಕಂಡು ಹಿಡೀರಿ" ಎಂದೂ ಹೇಳಿದರು. ಉಳಿದವರು ಹೋಗಿರಲಿಲ್ಲ. ಮುಖ ಕಾಣದಂತೆ ಮಾಡಿಕೊಂಡು ಎಲ್ಲ ನೋಡುತ್ತಿದ್ದರು.

ಮಾರನೆಯ ದಿನ ಅವರಲ್ಲೊಬ್ಬ ಬೈಕಿನಲ್ಲಿ ನೇರ ಅಜ್ಜಿಯ ಮನೆಗೆ ಬಂದ. "ಇಷ್ಟಕ್ಕೇ ಇಳೀತೀಯಂತಲ್ಲ ಅಜ್ಜಿ, ಅದಕ್ಕಿಂತ ಕಮ್ಮಿ ಮಾಡ್ಕ. ಕಣ್ಣು ಕಾಯಲ್ಲ" ಎಂದನಂತೆ, ಅದೂ ನಾಲ್ಕು ಜನರ ಮುಂದೆ. ಅಜ್ಜಿ ಗೋಡೆ ಸವರಿಕೊಂಡು ನಮ್ಮ ಬಾಗಿಲಿಗೆ ಬಂದಳು. ಬೈಯಲಿಲ್ಲ. "ನನ್ ಕಣ್ಣಿನ ಮಾತು ಬೀದಿಗೆ ಹೆಂಗ್ ಬಂತಪ್ಪಾ? ನಿನ್ ವಲ್ಲಿಯಾಗೆ ಇಟ್ಟಿದ್ನಲ್ಲ ನಾನು" ಎಂದಳು, ಅಷ್ಟೇ.

ಮಾವ ಫೋನನ್ನು ನನ್ನ ಕೈಗೆ ಕೊಟ್ಟರು. ಏನು ನಡೆದಿದೆ ಎಂದು ನಾನು ಬಿಡಿಸಿ ಹೇಳಿದಾಗ, "ಮುಖ ಕಾಣಲ್ಲ ಅಂದ್ಮೇಲೆ ಮನುಷ್ಯ ಎದ್ದು ಹೋದ ಅಂತ್ಲೇ ಅಲ್ಲೇನವ್ವ?" ಎಂದು ಮಗುವಿನ ಹಾಗೆ ಕೇಳಿದರು. ಅಯ್ಯೋ, ಆ ದನಿ ನನಗೆ ಇನ್ನೂ ಕೇಳಿಸುತ್ತದೆ. ಮೈಯೆಲ್ಲ ಕಣ್ಣಾಗಿ ಸಂತೆ ಮಾಡಿದ ಮನುಷ್ಯ, ಪಕ್ಕದಲ್ಲಿ ನಿಂತವರಿಂದ ಬೆರಳು ಮುಚ್ಚಿ, ದೂರದಲ್ಲಿ ಕೂತವರಿಗೆಲ್ಲ ತೋರಿಸಿಬಿಟ್ಟಿದ್ದರು.

ಅವರು ಚಹಾ ಕೂಡ ಕುಡಿಯದೆ ಎದ್ದರು. ಕೋಲೂರಿಕೊಂಡು ಮೂಲೆಮನೆಯವರೆಗೆ ನಡೆದರು. ಸೊಂಟದ ಆಪರೇಷನ್ ಆದ ಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು. ಬೈಕಿನವನು ಬಂದಾಗ ಇದ್ದವರನ್ನೆಲ್ಲ ಕರೆಸಿ, ಅಜ್ಜಿಯ ಎದುರು ತಲೆಯ ರುಮಾಲು ತೆಗೆದು ಹೇಳಿದರು: "ಜಟಿಂಗರಾಮನ ಆಣೆ, ಇದು ನನ್ ತಪ್ಪು. ಅಜ್ಜಿ ಟಗರು ಈ ವಾರ ಮಾರಾಕಿಲ್ಲ. ನನ್ ರೊಪ್ಪದಾಗೆ ಇರ್ತೈತೆ, ನನ್ ಮೇವು ತಿಂತೈತೆ." ಟಗರನ್ನು ತಾವೇ ಹಿಡಿದುಕೊಂಡು ಬಂದರು. ಹುರುಳಿ ಬೇಯಿಸಿ ಹಾಕಿದರು, ಮೈ ತೊಳೆಸಿದರು. ಆಮೇಲೆ ಒಬ್ಬೊಬ್ಬ ವ್ಯಾಪಾರಿಗೂ ಬೇರೆಬೇರೆಯಾಗಿ ಕಾಲ್ ಹಚ್ಚಿಸಿ ತೋರಿಸಿದರು. ಬೈಕಿನವನಿಗೆ ಮಾತ್ರ ಹಚ್ಚಬೇಡ ಎಂದರು. ಸಾಬರು ಮೊದಲಿನ ಬೆರಳಿಗಿಂತ ಮೇಲೆ ಹತ್ತಿ ಕೊಂಡಿ ಹಾಕಿದರು. ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ನಮ್ಮ ಮನೆಗೆ ಬಂದು, ನನ್ನ ಫೋನನ್ನು ಮೂಗಿನ ತುದಿಗೆ ಹಿಡಿದು ನೋಡಿ, "ಇಷ್ಟೇ ಏನೇ? ಇದರಾಗೆ ನನ್ ಟಗರು ಹೆಂಗ್ ಹಿಡಿಸ್ತು?" ಎಂದಳು.

ಆ ಸಂಜೆ ಮಾವ ನನ್ನನ್ನು ಅಂಗಳಕ್ಕೆ ಕರೆದು ಎದುರಿಗೆ ಕೂರಿಸಿಕೊಂಡರು. "ಒಂದು ವಲ್ಲಿ, ಇಬ್ರೇ ಜನ. ಮೂರನೇರು ಇದ್ರೆ ಅದು ವಲ್ಲಿ ಅಲ್ಲ, ತೇರಿನ ಬೀದಿ. ಈ ಫೋನಿನ ಕಳ್ಳದಾರಿ ನನಗೆ ತಿಳಿಯಲ್ಲ, ನಿನಗೆ ತಿಳೀತೈತೆ. ಕುರಿ ದಾರಿ ನಿನಗೆ ತಿಳಿಯಲ್ಲ, ನಾನು ಹೇಳ್ಕೊಡ್ತೀನಿ. ಇನ್ನು ಬೆರಳು ನೀನೇ ತೋರ್ಸು."

ನಾನು ಹೆದರಿದೆ. ಹೆಂಗಸು ದಲ್ಲಾಳಿ ಆದರೆ ಜನ ಏನಂದಾರು ಎಂದೆ. ಜನ ಅಂದೇ ಅಂದರು. ಒಂದು ದಿನ ಅರಳಿಕಟ್ಟೆಯಲ್ಲಿ ಮಾವನ ಹಳೆಯ ಜೊತೆಗಾರನೊಬ್ಬ ಎಲ್ಲರಿಗೂ ಕೇಳುವ ಹಾಗೆ, "ಏನ್ಲೇ, ಸೊಸೆ ಕೈನ ಸಂತೆಯೋರ ಕೈಗೆ ಕೊಡ್ತೀಯಂತೆ?" ಎಂದ. ಮಾವ ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದರು. "ಕೈ ಹಿಡಿಯೋ ಕಾಲ ಹೋತು ಕಣ್ಲೇ. ಈಗ ಬೆರಳು ತೋರ್ಸಿದ್ರೆ ಸಾಕು. ನಿನ್ ಕೈ ನಿನ್ ತಾವೇ ಇಟ್ಕ, ಎಲೆಗೆ ಸುಣ್ಣ ಹಚ್ಚಾಕೆ ಬೇಕಾಗ್ತೈತೆ." ಕಟ್ಟೆ ನಕ್ಕಿತು. ಆಮೇಲೆ ಆ ಮಾತು ನಿಂತಿತು.

ಹೀಗೆ ನಾನು ಕಲಿತೆ. ಕಣ್ಣು ಮುಚ್ಚಿ ಕುರಿಯ ಬೆನ್ನು ಹಿಡಿದು ಮಾಂಸ ಎಷ್ಟು, ಉಣ್ಣೆ ಎಷ್ಟು ಎಂದು ಹೇಳಲು ಕಲಿತೆ. ಕೆಮ್ಮುವ ಕುರಿಗೂ ಧೂಳಿಗೆ ಸೀನುವ ಕುರಿಗೂ ಇರುವ ವ್ಯತ್ಯಾಸ ಕಲಿತೆ. ತಪ್ಪು ಹೇಳಿದಾಗ ಮಾವ ಬೈಯುತ್ತಿದ್ದರು, ಬೈದು ಮುಗಿಸಿ, "ಮುದ್ದೆ ಉಂಡ್ಯಾ?" ಎಂದು ಕೇಳುತ್ತಿದ್ದರು. ವಲ್ಲಿಯೊಳಗೆ ಬೆರಳು ತೋರಿಸುವವಳು ನಾನಾದೆ. ಕೊಂಡಿ ಹಾಕುವುದು ಮಾತ್ರ ಅವರೇ. ರೇಟು ಒಪ್ಪಿದ ಮೇಲೆ ನಾನು ಪಕ್ಕಕ್ಕೆ ಸರಿದರೆ ಆ ಸೊಟ್ಟ ಬೆರಳು ಫೋನಿನ ಮುಂದೆ ಬರುತ್ತಿತ್ತು. ವ್ಯಾಪಾರಿಗಳಿಗೆ ಬೇಕಾದದ್ದೂ ಅದೇ.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ನೋವು ತಿಂದರು, ಆದರೆ ಯಾರನ್ನೂ ಗೋಳಾಡಿಸಲಿಲ್ಲ. ಒಂದು ಸಂತೆಯ ದಿನ ಚಳ್ಳಕೆರೆಗೆ ಹೋಗಿದ್ದವಳು ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆ. ಅತ್ತೆ ಫೋನನ್ನು ಅವರ ಮುಖದ ಮುಂದೆ ಹಿಡಿದರು. ನಾನು ಒಳ್ಳೊಳ್ಳೆ ಟಗರು ಹುಡುಕಿ ತೋರಿಸಹೋದರೆ, "ಕುರಿ ಬ್ಯಾಡವ್ವ, ಧೂಳು ತೋರ್ಸು" ಎಂದರು. ಸಂತೆಯ ನಡುವೆ ನಿಂತು ಫೋನನ್ನು ಮೇಲೆತ್ತಿ ಸುಮ್ಮನೆ ತಿರುಗಿದೆ. ಕುರಿಗಳ ಕಾಲಡಿಯಿಂದ ಎದ್ದ ಕೆಂಧೂಳು, ಅದರೊಳಗೆ ರುಮಾಲುಗಳು, ವಲ್ಲಿಗಳು, ಲಾರಿಯ ಬೆನ್ನು. ಮಾವ ಬಹಳ ಹೊತ್ತು ನೋಡಿದರು. ಕೊನೆಗೆ, "ಹ್ಞೂಂ, ಐತೆ" ಎಂದರು.

ಅದಾದ ಕೆಲವು ದಿನಕ್ಕೆ ಬೆಳಗಿನ ಅಂಬಲಿ ಕುಡಿದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಇಡುವಾಗ ಹೊಸ ಪಂಚೆ, ಹೊಸ ಶಲ್ಯ ಹೊದಿಸಿದರು. ಹೆಗಲ ಮೇಲಿನ ಹಳೆಯ ವಲ್ಲಿಯನ್ನೂ ಜೊತೆಗೆ ಹಾಕಿ ಎಂದು ಯಾರೋ ಅಂದರೆ ಅತ್ತೆ ಕೊಡಲಿಲ್ಲ. ಅದನ್ನು ಒಗೆಯದೆ ಮಡಿಸಿ ಗೂಟಕ್ಕೆ ಹಾಕಿದರು. ನನ್ನ ಗಂಡ ಅದರ ಕೆಳಗೆ ಕೂತು ಅತ್ತ. ನಾನು ಬಂದವರಿಗೆ ಅಡಿಗೆ ಮಾಡುವುದರಲ್ಲಿದ್ದೆ, ಅಳಲು ಬಿಡುವಿರಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ರಾಯದುರ್ಗದ ಸಾಬರ ಕಾಲ್ ಬಂತು. ಹಟ್ಟಿಯವರ ಕುರಿಗಳನ್ನು ಬೇಲಿಗೆ ತಂದು ನಿಲ್ಲಿಸಿದ್ದರು. ಜನ ನೆರೆದಿದ್ದರು. ಅರಳಿಕಟ್ಟೆಯ ಆ ಜೊತೆಗಾರನೂ ಇದ್ದ. ಮಾವ ಇಲ್ಲದ ಮನೆಯಲ್ಲಿ ವ್ಯಾಪಾರ ಉಳಿಯುತ್ತದೋ ಎದ್ದು ಹೋಗುತ್ತದೋ ನೋಡಲು ಬಂದಂತಿತ್ತು. ಅತ್ತೆ ಗೂಟದಿಂದ ವಲ್ಲಿ ತೆಗೆದು ನನ್ನ ಹೆಗಲ ಮೇಲೆ ಹಾಕಿದರು. ಅದರಲ್ಲಿ ಇನ್ನೂ ಎಲೆಯಡಿಕೆಯ, ಉಣ್ಣೆಯ ವಾಸನೆ.

ಮೊದಲು ಕುಂಟು ತೋರಿಸಿದೆ. ಆಮೇಲೆ ಹಲ್ಲು ತೋರಿಸಿದೆ, ನಡೆಸಿ ತೋರಿಸಿದೆ. ವಲ್ಲಿ ಹೊದ್ದು ಬಿಸಿಲಿಗೆ ತಿರುಗಿ ಬೆರಳು ತೋರಿಸಿದೆ. ಸಾಬರು ಇಳಿಸಿದರು, ನಾನು ಏರಿಸಿದೆ. ಇಬ್ಬರಿಗೂ ಒಪ್ಪಿಗೆಯಾಯಿತು. ಅಭ್ಯಾಸಬಲದಿಂದ ನಾನು ಪಕ್ಕಕ್ಕೆ ಸರಿದೆ. ಆ ಜಾಗಕ್ಕೆ ಯಾರೂ ಬರಲಿಲ್ಲ.

ಸಾಬರು ಆ ಕಡೆ ತಮ್ಮ ಕಿರುಬೆರಳು ಚಾಚಿ ಕಾಯುತ್ತಿದ್ದರು. ಅವಸರ ಮಾಡಲಿಲ್ಲ. ನನ್ನ ಕಿರುಬೆರಳು ನೆಟ್ಟಗಿದೆ. ಅದನ್ನು ಒಳಕ್ಕೆ ಬಗ್ಗಿಸಿ, ಫೋನಿಗೆ ತಾಗುವಷ್ಟು ಹತ್ತಿರ ತಂದು ಒಮ್ಮೆ ಜಗ್ಗಿದೆ.

"ಬಿತ್ತಮ್ಮ ಕೊಂಡಿ" ಎಂದರು ಸಾಬರು. "ನಾಳೆ ಲಾರಿ ಕಳಿಸ್ತೀನಿ."

ಕಾಲ್ ಮುಗಿದ ಮೇಲೂ ನಾನು ಬಹಳ ಹೊತ್ತು ವಲ್ಲಿಯೊಳಗೇ ಇದ್ದೆ. ಬೇಲಿಯ ಹತ್ತಿರ ನಿಂತವರು ಇನ್ನೂ ರೇಟು ನಡೆಯುತ್ತಿದೆ ಎಂದುಕೊಂಡು ಸುಮ್ಮನೆ ಕಾದರು.